ಕಾರಿನ ಅಡಿಭಾಗದ ಸ್ಕ್ರೂ ತೂತು: ಮಳೆ ಹಿಡಿಯುವ ಪತ್ತನಾಜೆಗೆ ಮೊದಲೇ ಮುಚ್ಚಿ

ಕಳೆದ ಆಟಿಯಲ್ಲಿ (ಜುಲೈ-ಆಗಸ್ಟ್‌ನ ಮಳೆ ತಿಂಗಳು) ನಮ್ಮ ಕಾರಿನ ಹಿಂದಿನ ಸೀಟಿನ ಕಾಲಬುಡದಿಂದ ಮುಗ್ಗಲು ವಾಸನೆ ಬರತೊಡಗಿತು. ಕಾರ್ಪೆಟ್ ಎತ್ತಿ ಅಡಿಯ ಸ್ಪಂಜು ಹಿಂಡಿದರೆ ಕೆಂಪು ನೀರು. ಬಾಗಿಲಿನ ರಬ್ಬರ್ ಸೋರುತ್ತಿದೆ ಎಂದುಕೊಂಡು ಎರಡು ವಾರ ಅದನ್ನೇ ಸರಿಮಾಡುತ್ತಾ ಕೂತೆ. ಕೊನೆಗೆ ಸಿಕ್ಕಿದ್ದು, ಹಿಂದೊಮ್ಮೆ ಹಾಕಿಸಿ ಆಮೇಲೆ ತೆಗೆಸಿದ್ದ ಬ್ರಾಕೆಟ್ಟಿನ ಎರಡು ಸ್ಕ್ರೂ ತೂತು. ಒಂದೊಂದೂ ಕಡಲೆಕಾಳಿನಷ್ಟು. ಚಕ್ರ ಎರಚಿದ ನೀರೆಲ್ಲ ಅಲ್ಲಿಂದಲೇ ಒಳಗೆ.

ಕಾರ್ಖಾನೆಯಲ್ಲಿ ಕಾರಿನ ಇಡೀ ತಗಡನ್ನು ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿ ತೆಗೆಯುತ್ತಾರೆ. ಆಮೇಲೆ ಡ್ರಿಲ್ ಹಾಕಿದ ತೂತಿನ ಅಂಚಿಗೆ ಆ ಲೇಪವಿಲ್ಲ, ಬರೀ ಉಕ್ಕು. ನಮ್ಮ ಕಾಸರಗೋಡಿನ ಕರಾವಳಿಯ ಉಪ್ಪಳ, ಕುಂಬಳೆಯ ಉಪ್ಪುಗಾಳಿ, ಹೆದ್ದಾರಿಯಲ್ಲಿ ಮೀನಿನ ಲಾರಿಗಳಿಂದ ಸೋರುವ ನೀರು, ಒಳನಾಡಿಗೆ ಹೋದರೆ ಬದಿಯಡ್ಕ, ಪೆರ್ಲದ ಕೆಂಪು ಕೆಸರು ಎಲ್ಲವೂ ಮೊದಲು ಹಿಡಿಯುವುದು ಆ ಅಂಚನ್ನೇ. ಹಾಗಾಗಿ ಏಪ್ರಿಲ್, ಮೇ ಬಿಸಿಲಿನಲ್ಲೇ ಈ ಕೆಲಸ ಮುಗಿಸಬೇಕು.

ಯಾವ ತೂತು ಮುಚ್ಚಬಾರದು?

ಕಂಡ ತೂತಿಗೆಲ್ಲ ಸೀಲೆಂಟ್ (ಸಂದು ಮುಚ್ಚುವ ಅಂಟು) ತುಂಬಿದರೆ ಕಾರು ಇನ್ನೂ ಬೇಗ ಹಾಳಾಗುತ್ತದೆ. ಬಾಗಿಲಿನ ಕೆಳ ಅಂಚಿನಲ್ಲಿ, ಬಾಗಿಲ ಕೆಳಗಿನ ಟೊಳ್ಳು ಪಟ್ಟಿಯಲ್ಲಿ ಇರುವ ಸಣ್ಣ ತೂತುಗಳು ನೀರು ಇಳಿದು ಹೋಗಲೆಂದೇ ಇಟ್ಟವು. ಅವನ್ನು ಮುಚ್ಚಿದರೆ ನೀರು ಒಳಗೇ ನಿಂತು ಪಟ್ಟಿ ಒಳಗಿನಿಂದ ಕೊಳೆಯುತ್ತದೆ. ಕೆಸರು ಕಟ್ಟಿದ್ದರೆ ತೆಂಗಿನ ಕಡ್ಡಿಯಿಂದ ಬಿಡಿಸಿ, ಅಷ್ಟೇ ಸಾಕು.

ಗುರುತಿಸುವುದು ಕಷ್ಟವಲ್ಲ. ಕಾರ್ಖಾನೆಯ ತೂತಿಗೆ ಅಂಚು ನುಣುಪು, ಅಂಚಿನ ಮೇಲೂ ಬಣ್ಣ; ಹೆಚ್ಚಾಗಿ ಕಾರಿನ ಇನ್ನೊಂದು ಬದಿಯಲ್ಲೂ ಅದೇ ಜಾಗದಲ್ಲಿ ಅದರ ಜೋಡಿ ಇರುತ್ತದೆ. ಆಮೇಲೆ ಕೊರೆದದ್ದನ್ನು ಬೆರಳಲ್ಲಿ ಸವರಿದರೆ ಒಂದು ಬದಿಗೆ ಎದ್ದ ಚೂಪು ಅಂಚು ಚುಚ್ಚುತ್ತದೆ, ಸುತ್ತ ತುಕ್ಕಿನ ಉಂಗುರ ಕಾಣುತ್ತದೆ. ಇನ್ನೊಂದು ಬಗೆಯೂ ಇದೆ: ಕಾರ್ಪೆಟ್ಟಿನಡಿ, ನೆಲದ ತಗಡಿನಲ್ಲಿ ಕಾರ್ಖಾನೆಯವರೇ ಬಿಟ್ಟು, ಬಿರಡೆ ಹಾಕಿ ಮುಚ್ಚಿದ ದೊಡ್ಡ ತೂತುಗಳು. ಅಲ್ಲಿ ಬಿರಡೆ ಬಿದ್ದುಹೋಗಿದ್ದರೆ ಹೊಸದು ಹಾಕಲೇಬೇಕು.

ಕೆಲಸಕ್ಕೆ ಇಳಿಯುವಾಗ

ಬರೀ ಜಾಕಿಯ ಮೇಲೆ ನಿಂತ ಕಾರಿನಡಿಗೆ ಯಾವತ್ತೂ ತಲೆ ಹಾಕಬೇಡಿ. ಗಟ್ಟಿ ನೆಲ, ಹ್ಯಾಂಡ್‌ಬ್ರೇಕ್, ನೆಲದಲ್ಲಿರುವ ಚಕ್ರಗಳಿಗೆ ಮರದ ಅಡ್ಡ, ಭಾರ ಹೊರಲು ಜಾಕ್ ಸ್ಟ್ಯಾಂಡ್ ಇವಿಷ್ಟು ಬೇಕೇ ಬೇಕು. ನಮ್ಮಲ್ಲಿ ಕೈಗೆ ಸಿಗುವ ಮುರಕಲ್ಲನ್ನು (ಜಂಬಿಟ್ಟಿಗೆ ಕಲ್ಲು) ಅಡಿಗಿಡುವ ರೂಢಿ ಬಿಡಿ. ಅದು ಹೇಳದೆ ಕೇಳದೆ ಒಡೆಯುತ್ತದೆ. ಕಣ್ಣಿಗೆ ಕನ್ನಡಕವಿರಲಿ. ಒಳಗೆ ಕಾರ್ಪೆಟ್ ಎತ್ತುವಾಗ ಸೀಟಿನಡಿಯ ಹಳದಿ ವಯರನ್ನು ಎಳೆಯಬೇಡಿ, ಅದು ಏರ್‌ಬ್ಯಾಗಿನದ್ದು. ಎಲೆಕ್ಟ್ರಿಕ್ ಕಾರಾದರೆ ನೆಲದಡಿಯೇ ಬ್ಯಾಟರಿ, ಅದನ್ನು ಸರ್ವಿಸ್‌ನವರಿಗೇ ಬಿಡಿ.

ತೂತಿನ ಸುತ್ತ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ತಗಡು ಪುಡಿಯಾಗಿ ಉದುರಿದರೆ ನಿಮ್ಮ ಕೆಲಸ ಅಲ್ಲಿಗೆ ಮುಗಿಯಿತು. ಟಿಂಕರಿಂಗ್‌ನವರು ತುಂಡು ಹಾಕಿ ವೆಲ್ಡ್ ಮಾಡಬೇಕು. ಸೀಟ್‌ಬೆಲ್ಟ್ ಬೋಲ್ಟು, ಸಸ್ಪೆನ್ಶನ್ ಹಿಡಿದಿರುವ ಜಾಗಕ್ಕೂ ಇದೇ ಮಾತು.

ತಗಡು ಗಟ್ಟಿಯಿದ್ದರೆ ತಂತಿ ಬ್ರಶ್ಶಿನಿಂದ ತುಕ್ಕು ಉಜ್ಜಿ, 80ರ ಸ್ಯಾಂಡ್‌ಪೇಪರ್, ಆಮೇಲೆ 120ರದ್ದು ಹಿಡಿದು ಎರಡು ಬೆರಳಗಲ ಹೊಳೆಯುವ ತನಕ ತಿಕ್ಕಿ. ಎದ್ದ ಚೂಪು ಅಂಚನ್ನು ಅರದಿಂದ ತೆಗೆಯಿರಿ. ಗುಂಡಿಗಳಲ್ಲಿ ಉಳಿದ ತುಕ್ಕಿಗೆ ರಸ್ಟ್ ಕನ್ವರ್ಟರ್ (ತುಕ್ಕನ್ನು ಗಟ್ಟಿ ಪದರವಾಗಿಸುವ ದ್ರಾವಣ) ಹಚ್ಚಿದರೆ ಅದು ಕಪ್ಪಾಗುತ್ತದೆ; ಒಂದು ದಿನ ಬಿಡಿ. ನಂತರ ತಿನ್ನರಿನಲ್ಲಿ ಒರೆಸಿ, ಒಣಗಿಸಿ, ಎಪಾಕ್ಸಿ ಅಥವಾ ಸತುವಿನ ಪ್ರೈಮರ್ ಎರಡು ಕೈ ಹಚ್ಚಿ. ತೂತಿನ ಒಳ ಅಂಚಿಗೆ ಸಣ್ಣ ಬ್ರಶ್ಶಿನಿಂದ ತಾಗಿಸಲು ಮರೆಯಬೇಡಿ. ತುಕ್ಕು ಶುರುವಾಗುವುದೇ ಅಲ್ಲಿ.

ಇನ್ನು ಮುಚ್ಚುವುದು. 5-6 ಮಿ.ಮೀ. ಒಳಗಿನ ತೂತಿಗೆ ಪಿಯು (ಪಾಲಿಯುರೆಥೇನ್) ಸೀಲೆಂಟ್ ಸಾಕು. ಮೇಲಿಂದ ಸವರಿದರೆ ಕಿತ್ತುಬರುತ್ತದೆ. ಟ್ಯೂಬಿನ ಮೂತಿಯನ್ನು ತೂತಿಗೆ ಒತ್ತಿಹಿಡಿದು, ಆಚೆ ಬದಿಯಲ್ಲಿ ಅಣಬೆಯ ಹಾಗೆ ಉಬ್ಬುವಷ್ಟು ತುಂಬಿ. ಈಚೆ ಬದಿಯನ್ನು ಬೆರಳಲ್ಲಿ ಚಪ್ಪಟೆ ಮಾಡಿ. ದೊಡ್ಡದಕ್ಕೆ ರಬ್ಬರ್ ಬಿರಡೆ. ತೂತಿನ ಅಡ್ಡಳತೆ ಅಳೆದೇ ಅಂಗಡಿಗೆ ಹೋಗಿ. ಬಿರಡೆಯ ಕುತ್ತಿಗೆಯ ಕಚ್ಚಿನೊಳಗೆ ತಗಡಿನ ಅಂಚು ಸುತ್ತಲೂ ಕೂರಬೇಕು, ಅದರ ಸುತ್ತ ಸೀಲೆಂಟಿನ ತೆಳು ಗೆರೆ ಎಳೆಯಬೇಕು.

ಪಾತ್ರೆ ತೊಳೆಯುವ ಸಿಂಕಿಗೆ ಹಾಕುವ, ವಿನೆಗರ್ ವಾಸನೆಯ ಸಿಲಿಕೋನ್ ಬೇಡವೇ ಬೇಡ. ಅದು ಗಟ್ಟಿಯಾಗುವಾಗ ಬಿಡುವ ಆಮ್ಲ ಉಕ್ಕನ್ನು ತಿನ್ನುತ್ತದೆ, ಅದರ ಮೇಲೆ ಪೇಂಟೂ ನಿಲ್ಲುವುದಿಲ್ಲ. ಎಪಾಕ್ಸಿ ಹಿಟ್ಟು ಗಟ್ಟಿಯೇನೋ ಹೌದು, ಆದರೆ ನಮ್ಮ ಹೊಂಡದ ರಸ್ತೆಗಳ ಕುಲುಕಾಟಕ್ಕೆ ತೆಳು ತಗಡಿನಿಂದ ಬಿಟ್ಟುಕೊಳ್ಳುತ್ತದೆ. ಪಿಯು ಗಾಳಿಯ ತೇವಾಂಶ ಹೀರಿಯೇ ಗಟ್ಟಿಯಾಗುವುದು, ದಿನಕ್ಕೆ ಸುಮಾರು 2-3 ಮಿ.ಮೀ. ನಮ್ಮ ಕರಾವಳಿಯ ಸೆಕೆ ಅದಕ್ಕೆ ಒಳ್ಳೆಯದೇ. ಹಚ್ಚುವಾಗ ತಗಡು ಮಾತ್ರ ಪೂರ್ತಿ ಒಣಗಿರಬೇಕು.

ಎರಡು ಮೂರು ದಿನ ಬಿಟ್ಟು ಅಂಡರ್‌ಬಾಡಿ ಕೋಟಿಂಗ್ ಹೊಡೆಯಬಹುದು. ಸೈಲೆನ್ಸರ್, ಬ್ರೇಕ್, ನೀರಿಳಿಯುವ ತೂತುಗಳಿಗೆ ಮೊದಲೇ ಪೇಪರ್ ಅಂಟಿಸಿ. ಹಳೆ ಎಂಜಿನ್ ಆಯಿಲ್ ಎರಚುವವರು ಊರಲ್ಲಿ ಈಗಲೂ ಇದ್ದಾರೆ; ಅದು ಸಸ್ಪೆನ್ಶನ್ನಿನ ರಬ್ಬರ್ ಬುಷ್‌ಗಳನ್ನು ಮೆತ್ತಗೆ ಮಾಡುತ್ತದೆ, ಮುಂದೆ ಯಾವ ಸೀಲೆಂಟೂ ಅಂಟದಂತೆ ಮಾಡುತ್ತದೆ.

ಕಾರ್ಪೆಟ್ ಮತ್ತೆ ಹಾಸುವ ಮೊದಲು ಒಬ್ಬರು ಚಕ್ರದ ಕಮಾನಿಗೂ ಅಡಿಗೂ ಪೈಪಿನಿಂದ ಹತ್ತು ನಿಮಿಷ ನೀರು ಹೊಡೆಯಲಿ, ಇನ್ನೊಬ್ಬರು ಒಳಗೆ ಟಾರ್ಚ್ ಹಿಡಿದು ನೋಡಲಿ. ಆಮೇಲೆ ತೂತಿದ್ದ ಜಾಗದಲ್ಲಿ ಒಂದು ಹಾಳೆ ದಿನಪತ್ರಿಕೆ ಇಟ್ಟು ಕಾರ್ಪೆಟ್ ಮುಚ್ಚಿ. ಮೊದಲ ದೊಡ್ಡ ಮಳೆಯ ಮರುದಿನ ಅದನ್ನು ತೆಗೆದು ನೋಡಿ. ಸುಕ್ಕು ಬಿದ್ದಿದ್ದರೆ ಇನ್ನೊಂದು ತೂತು ಎಲ್ಲೋ ಬಾಕಿ ಇದೆ.