ಗಡಿ ಬಿಂದುವನ್ನು ಎರಡು ಮಿಲಿಮೀಟರ್ ಸರಿಸಿದೆ

ಮೂರ್ಛೆರೋಗಕ್ಕೆ ಮೂಲವಾದ, ಮಿದುಳಿನ ಒಳಗಿನ ಹಿಪ್ಪೊಕ್ಯಾಂಪಸ್ ಎಂಬ ಭಾಗವನ್ನು ತಲೆಬುರುಡೆ ತೆರೆದು ತೆಗೆಯುವುದನ್ನೇ ವರ್ಷಗಟ್ಟಲೆ ಮಾಡಿದವನು ನಾನು. ಅದನ್ನು ಇದ್ದಲ್ಲಿಯೇ ಲೇಸರ್ ಶಾಖದಿಂದ ಸುಡುವ ವಿಧಾನಕ್ಕೆ ಹೊರಳಿದಾಗ ಕೈಗೆ ಕೆಲಸವೇ ಇಲ್ಲವೆನಿಸಿತು. ಮೂಳೆಯಲ್ಲಿ 3 ಮಿಲಿಮೀಟರಿನ ಆಸುಪಾಸಿನ ಒಂದು ತೂತು, ಚರ್ಮಕ್ಕೆ ಒಂದು ಹೊಲಿಗೆ. ಮಿಕ್ಕದ್ದೆಲ್ಲ ಎಂಆರ್‌ಐ ಪರದೆಯ ಮುಂದೆ ಕುಳಿತು ನೋಡುವುದು.

ತೂತಿನಲ್ಲೇ ಅರ್ಧ ಹಣೆಬರಹ ಇದೆ. ತಲೆಯ ಹಿಂಬದಿಯಿಂದ ಹಿಪ್ಪೊಕ್ಯಾಂಪಸ್‌ನ ಉದ್ದಕ್ಕೂ ಲೇಸರ್ ಬೆಳಕನ್ನು ಒಯ್ಯುವ ತಂತು ಸಾಗಬೇಕು. ಓರೆಯಾದ ಮೂಳೆಯ ಮೇಲೆ ಡ್ರಿಲ್ ಜಾರುತ್ತದೆ. ಒಂದೇ ಡಿಗ್ರಿ ತಪ್ಪಿದರೂ 10 ಸೆಂಟಿಮೀಟರ್ ಆಳದಲ್ಲಿ ತುದಿ ಸುಮಾರು 1.7 ಮಿಲಿಮೀಟರ್ ಪಕ್ಕಕ್ಕೆ ಹೋಗಿರುತ್ತದೆ.

ತಂತುವಿನ ಸುತ್ತಲಿನ ಕೊಳವೆಯಲ್ಲಿ ತಣ್ಣನೆಯ ಸಲೈನ್ ಹರಿಯುತ್ತಿರುತ್ತದೆ. ಸುಡಲು ಹೋಗಿ ತಂಪು ಮಾಡುವುದೇಕೆ ಎಂದು ಕಿರಿಯರು ಕೇಳುತ್ತಾರೆ. ತುದಿಯ ಬಳಿಯ ಅಂಗಾಂಶ ಕರಕಲಾದರೆ ಬೆಳಕನ್ನೆಲ್ಲ ಅದೇ ನುಂಗುತ್ತದೆ, ಶಾಖ ಮುಂದಕ್ಕೆ ಹೋಗುವುದಿಲ್ಲ. 60 ಡಿಗ್ರಿಯಲ್ಲಿ ಪ್ರೋಟೀನುಗಳು ಕ್ಷಣಗಳಲ್ಲಿ ಹೆಪ್ಪುಗಟ್ಟುತ್ತವೆ, ನನಗೆ ಬೇಕಾದದ್ದು ಅಷ್ಟೇ. 100 ಮುಟ್ಟಿದರೆ ನೀರು ಕುದಿದು ಆವಿಯ ಗುಳ್ಳೆ ಏಳುತ್ತದೆ.

ಪರದೆಯ ಮೇಲೆ ಶಾಖವನ್ನು ತೋರಿಸುವ ಬಣ್ಣಗಳನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಎಂಆರ್‌ಐ ಅಳೆಯುವುದು ಉಷ್ಣಾಂಶವನ್ನಲ್ಲ, ಅದರ ಬದಲಾವಣೆಯನ್ನು. ಅರಿವಳಿಕೆಯಲ್ಲಿ ರೋಗಿಯ ಮೈ 35ಕ್ಕೆ ಇಳಿದಿದ್ದು, ಆರಂಭದ ಅಂಕಿಯನ್ನು 37 ಎಂದು ಕೊಟ್ಟರೆ ಕೊನೆಯವರೆಗೂ ಎರಡು ಡಿಗ್ರಿ ಸುಳ್ಳು. ಹಾಗಾಗಿ ಮೊದಲು ಮೈಯ ಉಷ್ಣಾಂಶ ಕೇಳುತ್ತೇನೆ, ಆಮೇಲೆ ಕಡಿಮೆ ಶಕ್ತಿಯ ಒಂದು ಪರೀಕ್ಷಾ ಸುಡುವಿಕೆ, ಬಿಸಿಯ ಚುಕ್ಕೆ ನಿರೀಕ್ಷಿಸಿದಲ್ಲೇ ಮೂಡಿತೇ ಎಂದು ನೋಡಲು.

ನನ್ನ ಆರಂಭದ ರೋಗಿಗಳಲ್ಲೊಬ್ಬರಿಗೆ ಹಿಪ್ಪೊಕ್ಯಾಂಪಸ್‌ನ ಬಾಲದ ಬಳಿ ಸುಟ್ಟ ಜಾಗವನ್ನು ಪರದೆಯಲ್ಲಿ ತೋರಿಸುವ ಕಿತ್ತಳೆ ಮಚ್ಚೆ ಒಂದೇ ಮಗ್ಗುಲಿಗೆ ಬೆಳೆಯತೊಡಗಿತು. ಇನ್ನೊಂದು ಮಗ್ಗುಲಿನಲ್ಲಿ ಮಿದುಳಿನ ದ್ರವ ಶಾಖವನ್ನು ಹೀರುತ್ತಿತ್ತು. ಶಾಖ ಇದನ್ನು ದಾಟಬಾರದು ಎಂದು ದೃಷ್ಟಿಮಾರ್ಗದ ಅಂಚಿನಲ್ಲಿ ನಾನೇ ಪರದೆಯಲ್ಲಿ ಗುರುತಿಟ್ಟಿದ್ದ ಗಡಿ ಬಿಂದು 48 ಡಿಗ್ರಿ ಮುಟ್ಟಿತು, ಯಂತ್ರ ತಾನಾಗಿ ಆರಿತು. ಸುಡಬೇಕಾದ ಚೂರು ಇನ್ನೂ ಉಳಿದಿತ್ತು. ಬಿಂದುವನ್ನು ಎರಡು ಮಿಲಿಮೀಟರ್ ಆಚೆ ಸರಿಸಿ ಮತ್ತೆ ಹೊತ್ತಿಸಿದೆ.

ಮರುದಿನ ಅವರು ಹಾಸಿಗೆಯಿಂದಲೇ ಬಾಗಿಲು ತೋರಿಸಿ, ಚೌಕಟ್ಟಿನ ಮೇಲಿನ ಒಂದು ಮೂಲೆ ಕಾಣಿಸುತ್ತಿಲ್ಲ ಎಂದರು. ತೆರೆದ ಶಸ್ತ್ರಚಿಕಿತ್ಸೆಯಲ್ಲೂ ಹೀಗಾಗುವುದುಂಟು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಆಡಲಿಲ್ಲ. ಮೂರ್ಛೆಯ ಸೆಳವು ನಿಂತಿತು. ಆ ಮೂಲೆ ಮರಳಲಿಲ್ಲ.

ಈಗ ಗಡಿ ಬಿಂದುಗಳನ್ನು ನಾನು ಇಡುತ್ತೇನೆ, ಸರಿಸುವ ಅಧಿಕಾರ ಮಾತ್ರ ಪಕ್ಕದಲ್ಲಿ ಕುಳಿತ ಭೌತವಿಜ್ಞಾನಿಯದು. ಸುಡದೆ ಉಳಿದ ಚೂರಿಗಾಗಿ ಇನ್ನೊಮ್ಮೆ ಬರಬೇಕಾಗಬಹುದು ಎಂದು ರೋಗಿಗೆ ಮೊದಲೇ ತಿಳಿಸಿರುತ್ತೇನೆ. ಇಬ್ಬರು ಹಾಗೆ ಮತ್ತೆ ಬಂದಿದ್ದಾರೆ.