ಅಜೈಡ್ ಕೊಡದ ಮರಿಗಳೂ ಹೊಳೆದವು

ಬದಿಯಡ್ಕದ ಮನೆಯಿಂದ ದಿನಾ ಬಸ್ಸಿನಲ್ಲಿ ಲ್ಯಾಬಿಗೆ ಹೋಗಿ ಬರುತ್ತಿದ್ದೆ. ಒಂದು ರಾತ್ರಿ ಊಟಕ್ಕೆ ಕೂತಾಗ ಅಮ್ಮ ಕೇಳಿದರು, "ಮೀನಿಗೆ ಸಕ್ಕರೆ ತಿನ್ನಿಸ್ತೀಯಂತೆ, ಯಾಕೆ ಮಗಾ?"

ತಿನ್ನಿಸುವುದಲ್ಲ, ಮೊಟ್ಟೆ ಇರುವ ನೀರಿಗೆ ಬೆರೆಸುವುದು. ನಮ್ಮ ಜೀವಕೋಶಗಳ ಹೊರಮೈ ತುಂಬ ಸಕ್ಕರೆಯ ಸರಪಳಿಗಳಿವೆ. ಕ್ಯಾನ್ಸರ್ ಬಂದರೆ ಅವು ಬದಲಾಗುತ್ತವೆ. ಆದರೆ ಪ್ರೋಟೀನಿಗೆ ಜೀನ್ ಮೂಲಕ ಹೊಳಪು ಸೇರಿಸಿದ ಹಾಗೆ ಸಕ್ಕರೆಗೆ ಸೇರಿಸಲು ಆಗುವುದಿಲ್ಲ. ಇದಕ್ಕೆ ಅಮೆರಿಕದ ರಸಾಯನಶಾಸ್ತ್ರಜ್ಞೆ ಕೆರೊಲಿನ್ ಬರ್ಟೋಜಿ ದಾರಿ ತೋರಿಸಿದರು. ಮೂರು ನೈಟ್ರೋಜನ್ ಪರಮಾಣುಗಳ ಪುಟ್ಟ ಬಾಲ, ಅಂದರೆ ಅಜೈಡ್ ಇರುವ ಸಕ್ಕರೆ ಕೊಟ್ಟರೆ ಕೋಶ ಅದನ್ನೂ ಸರಪಳಿಗೆ ಪೋಣಿಸುತ್ತದೆ. ಆಮೇಲೆ ಅಜೈಡನ್ನೇ ಹುಡುಕಿ ಹಿಡಿಯುವ ಡೈ, ಅಂದರೆ ಹೊಳೆಯುವ ಬಣ್ಣ ಹಾಕುವುದು. ಹೀಗೆ ಅಜೈಡಿಗೆ ಜೋಡಿಸುವ ಹಳೆಯ ವಿಧಾನಕ್ಕೆ ತಾಮ್ರ ಬೇಕಿತ್ತು, ಅದು ಜೀವಕೋಶಕ್ಕೆ ವಿಷ. ಅವರದಕ್ಕೆ ತಾಮ್ರ ಬೇಡ. ಅವರ ತಂಡ 2004ರಲ್ಲಿ ಇಲಿಯಲ್ಲಿ, 2008ರಲ್ಲಿ ಜೀಬ್ರಾ ಮೀನಿನಲ್ಲಿ ಸಕ್ಕರೆಗೆ ಗುರುತು ಹಾಕಿತು. 2022ರಲ್ಲಿ ನೊಬೆಲ್ ಬಂತು.

ನಾನು ಮಾಡಿದ್ದೂ ಜೀಬ್ರಾ ಮೀನಿನಲ್ಲೇ. ಇದರ ಮರಿ ಗಾಜಿನಂತೆ ಪಾರದರ್ಶಕ, ಕೊಯ್ಯದೆ ಒಳಗೆ ನೋಡಬಹುದು. ಮೊಟ್ಟೆಗಳನ್ನು ಸಕ್ಕರೆ ಬೆರೆಸಿದ ನೀರಿನಲ್ಲಿ, 28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಿಸಿದೆ. ಸಕ್ಕರೆಗೆ ಅಸಿಟೈಲ್ ಹೊದಿಕೆ ಇತ್ತು, ಅದಿಲ್ಲದಿದ್ದರೆ ಕೋಶದ ಪೊರೆ ದಾಟುವುದು ಕಷ್ಟ. ಎರಡೂವರೆ ದಿನದ ಬಳಿಕ ಡೈ ಹಾಕಿ, ತೊಳೆದು, ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಎಷ್ಟು ಚೆಂದ ಹೊಳೆಯುತ್ತಿತ್ತು! ಖುಷಿಯಲ್ಲಿ ಗೈಡ್‌ಗೆ ಫೋಟೋ ತೋರಿಸಿದೆ.

"ಅಜೈಡ್ ಇಲ್ಲದ ಮರಿ ಎಲ್ಲಿ?" ಅಂತ ಕೇಳಿದರು.

ನಾನು ಅದನ್ನು ಇಟ್ಟೇ ಇರಲಿಲ್ಲ. ಮರುವಾರ ಬಾಲವಿಲ್ಲದ ಅದೇ ಸಕ್ಕರೆ ಕೊಟ್ಟು ನೋಡಿದೆ. ಆ ಮರಿಗಳೂ ಹೆಚ್ಚುಕಡಿಮೆ ಅಷ್ಟೇ ಹೊಳೆದವು. ಹೊಟ್ಟೆ ಕುಸಿದ ಹಾಗಾಯಿತು. ಬಸ್ಸಿನಲ್ಲಿ ಯೋಚಿಸುತ್ತಾ ಕೂತೆ. ಮರಿಯ ಹಳದಿ ಚೀಲ, ಅಂದರೆ ಹೊಟ್ಟೆಗೆ ಅಂಟಿಕೊಂಡಿರುವ ಆಹಾರದ ಚೀಲ, ತಾನಾಗಿಯೇ ಹೊಳೆಯುತ್ತದೆ. ಡೈ ಜಾಸ್ತಿ ಹಾಕಿದ್ದೆ, ತೊಳೆದದ್ದು ಕಡಿಮೆ. ಡೈ ಕೂಡ ಸುಮ್ನೆ ಗಂಧಕ ಇರುವ ಪ್ರೋಟೀನುಗಳಿಗೆ ಸ್ವಲ್ಪ ಅಂಟುತ್ತದೆ.

ಡೈ ಕಡಿಮೆ ಮಾಡಿದೆ. ಮರಿಗಳು ತುಂಬ ನಾಜೂಕು, ಜೋರಾಗಿ ಪಿಪೆಟ್ ಎಳೆದರೆ ಸಾಯುತ್ತವೆ. ಹಾಗಾಗಿ ನೀರು ಬದಲಿಸಿ ಬದಲಿಸಿ ಮೆಲ್ಲಗೆ ತೊಳೆದೆ. ಹಳದಿ ಚೀಲ ಬಿಟ್ಟು ದವಡೆ, ಎದೆಯ ರೆಕ್ಕೆಗಳನ್ನು ಮಾತ್ರ ಅಳೆದೆ. ಮೂರು ತಿಂಗಳಾದ ಮೇಲೆ, ಒಂದೇ ತಟ್ಟೆಯ ಅಕ್ಕಪಕ್ಕದ ಗುಳಿಗಳಲ್ಲಿ, ಅಜೈಡ್ ಕೊಟ್ಟ ಮರಿಯ ರೆಕ್ಕೆಯ ಅಂಚು ಬೆಳಗಿತು, ಕೊಡದ ಮರಿ ಕತ್ತಲಾಗಿತ್ತು. ಆ ಸಲ ಗೈಡ್‌ಗೆ ಮೊದಲು ತೋರಿಸಿದ್ದು ಕತ್ತಲಾದ ಮರಿಯ ಫೋಟೋ.