ಅಂಜಲ್ ಕೊಳ್ಳುವಾಗ ಚುಕ್ಕೆ ಬಿಡಿ, ಗೆರೆ ನೋಡಿ

ಮದುವೆಯಾಗಿ ಮಲ್ಪೆ ಕಡೆಗೆ ಬಂದ ಹೊಸತರಲ್ಲಿ ನಾನು ಮೋಸ ಹೋಗಿದ್ದು ಸುರ್ಮೈ, ಕಿಂಗ್ ಫಿಶ್ ಅಂತಲೂ ಕರೆಯುವ ಅಂಜಲ್‌ನಲ್ಲೇ. ಎರಡು ಕಿಲೋ ತೂಗುವ ಮೀನು, ಅದೇ ಬೆಳ್ಳಿ ಮೈ, ಅದೇ ಕತ್ತರಿ ಬಾಲ. ಅತ್ತೆ ಒಂದು ಸಲ ಬೆರಳಾಡಿಸಿದರು, "ಇದು ಚುಕ್ಕೆದು ಮಾರಾಯ್ತಿ, ಪಟ್ಟೆದರ ದುಡ್ಡು ಕೊಟ್ಟು ಬಂದ್ಯಾ?" ಅಂದರು.

ಪಟ್ಟೆಯದು, ಚುಕ್ಕೆಯದು ಎರಡೂ ಅಂಜಲ್ಲೇ, ದಾಯಾದಿಗಳು. ಪಟ್ಟೆ ಅಂಜಲ್‌ಗೆ ಬೆನ್ನಿಂದ ಹೊಟ್ಟೆ ಕಡೆ ಇಳಿಯುವ ಅಲೆಯಂಥ ಸಣ್ಣ ಪಟ್ಟೆಗಳು, ಚುಕ್ಕೆಯದಕ್ಕೆ ಮೈ ಉದ್ದಕ್ಕೂ ಮೂರು ಸಾಲಿನಷ್ಟು ದುಂಡು ಚುಕ್ಕೆ. ಇಷ್ಟು ಗೊತ್ತಿದ್ದರೆ ಸಾಕು ಅನಿಸುತ್ತದೆ ಅಲ್ವಾ? ಸಾಲದು. ಪಟ್ಟೆಯದರ ಮರಿಗಳಿಗೂ ಚುಕ್ಕೆ ಇರುವುದುಂಟು. ಮೇಲಾಗಿ ಐಸ್‌ನಲ್ಲಿ ನಾಲ್ಕು ದಿನ ಬಿದ್ದರೆ ಪಟ್ಟೆಯೂ ಮಾಸುತ್ತದೆ, ಚುಕ್ಕೆಯೂ ಮಾಸುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮಲ್ಲಿ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವುದಿಲ್ಲ, ಆಗ ಹೊರಗಿಂದ ಬರುವ ಐಸ್ ಮೀನೇ ಜಾಸ್ತಿ.

ಮಾಸದ್ದು ಪಕ್ಕೆಯ ಗೆರೆ. ಲೋಳೆ ಒರೆಸಿ, ಮೀನನ್ನು ಬೆಳಕಿಗೆ ಸ್ವಲ್ಪ ಓರೆ ಮಾಡಿ ಹಿಡಿಯಿರಿ. ಕಿವಿಯ ಹಿಂದಿನಿಂದ ಬಾಲದ ತನಕ ಸೂಜಿಯಲ್ಲಿ ಗೀರಿದ ಹಾಗೆ ಒಂದು ಗೆರೆ ಕಾಣುತ್ತದೆ. ಅದು ಬೆನ್ನಿನ ಎರಡನೇ ರೆಕ್ಕೆ ಮುಗಿಯುವ ಜಾಗದಲ್ಲಿ ಮೆಟ್ಟಿಲು ತಪ್ಪಿದವರ ಹಾಗೆ ದಡಕ್ಕನೆ ಕೆಳಗಿಳಿದರೆ ಪಟ್ಟೆಯದು. ಮೆಲ್ಲಗೆ ಬಾಗುತ್ತಾ ಹೋಗಿ, ತಲೆಯ ಕಡೆ ಬೇರು ಬಿಟ್ಟಂತೆ ಸಣ್ಣ ಸಣ್ಣ ಕವಲು ಇದ್ದರೆ ಚುಕ್ಕೆಯದು. ಚುಕ್ಕೆಯದು ಕೆಟ್ಟ ಮೀನು ಅಂತಲ್ಲ, ಗಸಿಗೆ (ಕಾಯಿ ಅರೆದು ಮಾಡುವ ಗಟ್ಟಿ ಸಾರು) ನನಗೆ ಅದೇ ಇಷ್ಟ. ದುಡ್ಡು ಮಾತ್ರ ಅದರದ್ದೇ ಕೊಡಿ.

ಮಾಂಜಿಯಲ್ಲೂ (ಪಾಂಫ್ರೆಟ್) ಬೆರಳೇ ಕೆಲಸಕ್ಕೆ ಬರುತ್ತದೆ. ಕಪ್ಪು ಮಾಂಜಿ ಹೆಸರಿಗಷ್ಟೇ ಮಾಂಜಿ, ಕುಲವೇ ಬೇರೆ. ಬಾಲದ ಬುಡದಲ್ಲಿ ಪಕ್ಕಕ್ಕೆ ಬೆರಳೆಳೆದರೆ ಗರಗಸದ ಹಾಗೆ ಗಟ್ಟಿ ಹುರುಪೆ ತಾಗುತ್ತದೆ. ಬಿಳಿ ಮಾಂಜಿಗೆ ಅಲ್ಲಿ ನುಣುಪು, ಬಾಲದ ಕೆಳಗಿನ ಕವಲು ಮೇಲಿನದಕ್ಕಿಂತ ಉದ್ದ. ಬೂತಾಯಿಗೆ (ಮತ್ತಿ, ಸಾರ್ಡೀನ್) ಇಷ್ಟೆಲ್ಲ ರಗಳೆ ಇಲ್ಲ: ತೆಳ್ಳಗೆ ಉದ್ದ ಮೈ, ಉದ್ದ ತಲೆ, ಕಿವಿ ಮುಚ್ಚಳದ ಅಂಚಿನಲ್ಲಿ ಕಪ್ಪು ಚುಕ್ಕೆ. ಮೈ ಅಗಲವಾಗಿ ಚಪ್ಪಟೆ ಇದ್ದರೆ ಅದರ ಬೇರೆ ನೆಂಟರು, ಮುಳ್ಳು ತೆಗೆಯುವಷ್ಟರಲ್ಲಿ ಊಟವೇ ಮುಗಿದಿರುತ್ತದೆ.

ಪೇಟೆಯಲ್ಲಿರುವವರು ಮೊದಲೇ ತುಂಡು ಮಾಡಿಟ್ಟ ಅಂಜಲ್ ಕೊಳ್ಳಬೇಡಿ. ಸಿಪ್ಪೆ ಮೇಲಿನ ಗೆರೆ ಎಲ್ಲೋ, ತುಂಡು ಎಲ್ಲೋ, ಕೇದರವನ್ನೂ (ಟ್ಯೂನಾ) ಅದರ ಜೊತೆ ಸೇರಿಸಿ ಸುಮ್ನೆ ದಾಟಿಸುವವರಿದ್ದಾರೆ. ಕೇದರದ ಮಾಂಸ ಕೆಂಪು, ನಡುಮುಳ್ಳಿನ ಹತ್ತಿರ ಇನ್ನೂ ಕಡುಗೆಂಪು. ಅಂಜಲ್‌ನದು ಬಿಳಿಚು. ಇಡೀ ಮೀನು ಕೈಗೆ ತೆಗೆದುಕೊಂಡು ನೋಡಿ, ಎದುರಿಗೇ ಕತ್ತರಿಸಲು ಹೇಳಿ, ತಲೆಯನ್ನು ಅಲ್ಲೇ ಬಿಟ್ಟು ಬರಬೇಡಿ, ರಾತ್ರಿ ಸಾರಿಗಾಗುತ್ತದೆ.